ಮೆಷಿನ್ ಅಸಲಿ, ಮುಖ ನಕಲಿ

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಕೈಗಡಿಯಾರಗಳ ಗೀಳಿನ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಆನ್‌ಲೈನಿನಲ್ಲಿ ಕೊಳ್ಳುವವರು ಹೆಚ್ಚು ನಕ್ಷತ್ರ ಗಳಿಸಿದ ಮಾರಾಟಗಾರರನ್ನು ಆರಿಸಿಕೊಂಡರೆ ಮೋಸದ ಭಯವಿಲ್ಲ ಎಂದು ಲೇಖಕರು ಧೈರ್ಯ ಹೇಳಿದ್ದಾರೆ. ನನಗೆ ವಾಚು ಕಳುಹಿಸಿದವನಿಗೆ ಐದಕ್ಕೆ 4.7 ನಕ್ಷತ್ರಗಳಿದ್ದವು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಅಂಕ ಹಾಕಿದವರು ಯಾರು, ಅವರು ಉತ್ತರ ಪತ್ರಿಕೆ ಬಿಡಿಸಿ ನೋಡಿದ್ದರೇ ಎಂದು ಕೇಳದೆ ಅಂಕವನ್ನು ನಂಬಿದ್ದು ನನ್ನ ತಪ್ಪೇ ಸರಿ.

ನಮ್ಮ ತಂದೆ ವಿಶ್ವೇಶ್ವರಯ್ಯ ನಾಲೆಯ ನೀರುಗಂಟಿಯಾಗಿದ್ದರು. ಅವರ ಬಾಯಲ್ಲಿ ಅದು ಕೊನೆಯವರೆಗೂ ಇರ್ವಿನ್ ನಾಲೆಯೇ. ಯಾವ ತೂಬಿನಿಂದ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎನ್ನುವುದು ಅವರ ಕೈಯಲ್ಲಿತ್ತು, ಆ ಕೈಯಲ್ಲೊಂದು ಎಚ್‌ಎಂಟಿ ಪೈಲಟ್ ಇತ್ತು. ಕಪ್ಪು ಮುಖ, ಬಿಳಿಯ ಅಂಕಿ, ಕತ್ತಲಲ್ಲಿ ಮಿನುಗುವ ಮುಳ್ಳುಗಳು. ನಮ್ಮ ತಾತ ಅಳಿಯನಿಗೆ ಕೊಟ್ಟದ್ದು. ರಾತ್ರಿ ಸರದಿಯಲ್ಲಿ ಒಬ್ಬರ ಗದ್ದೆಗೆ ಕಾಲು ಗಂಟೆ ಹೆಚ್ಚು ಹರಿದರೆ ಬೆಳಗಾಗುವಷ್ಟರಲ್ಲಿ ಮತ್ತೊಬ್ಬರು ಬಾಗಿಲಲ್ಲಿ ನಿಂತು ಕೂಗಾಡುವ ಊರು ನಮ್ಮದು. ಹಾಗಾಗಿ ಆ ವಾಚಿನ ಮಾತು ಊರಲ್ಲಿ ಪಟೇಲರ ಮಾತಿಗಿಂತ ಹೆಚ್ಚು ನಡೆಯುತ್ತಿತ್ತು. ಬೆಳಗಿನ ವಾರ್ತೆಗೆ ಮುನ್ನ ರೇಡಿಯೊದಲ್ಲಿ ಪೀಂ ಪೀಂ ಸದ್ದು ಬರುವಾಗ ಅಪ್ಪ ಕಾಫಿ ಲೋಟ ಕೆಳಗಿಟ್ಟು, ಸಮಯ ಸರಿಮಾಡಿಕೊಂಡು, ಎಣಿಸಿದಂತೆ ಕೀ ಕೊಡುತ್ತಿದ್ದರು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಮಾತನಾಡುವಂತಿರಲಿಲ್ಲ.

1988ರ ಮುಂಗಾರಿನಲ್ಲಿ ತೂಬಿನ ಹಲಗೆ ಎತ್ತುವಾಗ ಬೆಲ್ಟು ಕಿತ್ತು ಅದು ನೀರಿಗೆ ಬಿತ್ತು. ಮರುವರ್ಷ ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿದಾಗ ಅಪ್ಪ ಮೂರು ದಿನ ಕೆಸರು ಬಗೆದು ಹುಡುಕಿದರು. ಸಿಕ್ಕಿದ್ದು ಎರಡು ಚೊಂಬು ಮತ್ತು ಯಾರದೋ ಒಂದು ಕಾಲುಂಗುರ. ಆಮೇಲೆ ಅವರು ಬೇರೆ ವಾಚು ಕಟ್ಟಲೇ ಇಲ್ಲ. ಕೇಳಿದರೆ, ‘ನಾಲೆಗೆ ಕೊಟ್ಟೆ, ಅದೇ ಇಟ್ಟುಕೊಳ್ಳಲಿ’ ಎನ್ನುತ್ತಿದ್ದರು.

ಅಂಥದ್ದೊಂದು ಪೈಲಟ್ ಬೇಕು ಎನ್ನುವ ಆಸೆ ನನಗೆ ನಿವೃತ್ತಿಯಾದ ಮೇಲೆ ಶುರುವಾಯಿತು. ಅಂಗಡಿಯಲ್ಲಿ ಎಲ್ಲಿ ಸಿಗಬೇಕು? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ನಮ್ಮ ತುಮಕೂರಿಗೂ ಹಬ್ಬಿದ್ದ ಆ ಕಾರ್ಖಾನೆಯ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಇದ್ದಾಗ ಮೇಜಿನ ಖಾನೆಯಲ್ಲಿ ಎಸೆದಿದ್ದವರು ಹೋದ ಮೇಲೆ ಹುಡುಕಲು ಹೊರಟರು. ನಾನೂ ಅವರಲ್ಲೊಬ್ಬ. ಬೆಂಗಳೂರಿನಲ್ಲಿರುವ ಮಗ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದ: ‘ಅಪ್ಪಟ ಒರಿಜಿನಲ್ ಪೈಲಟ್, 1970ರ ದಶಕದ್ದು, ಎಂದೂ ತೆರೆದಿಲ್ಲ.’ ಬೆಲೆ 4,850 ರೂಪಾಯಿ. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ನನಗೆ ಕಾಫಿ ಲೋಟ ಕೆಳಗಿಟ್ಟ ಸದ್ದೇ ಕೇಳಿಸಿತು. ಹಣ ಕಳುಹಿಸಿದೆ.

ಆರನೆಯ ದಿನ ಕೊರಿಯರ್ ಬಂತು. ಕಟ್ಟಿಕೊಂಡೆ, ಕೀ ಕೊಟ್ಟೆ, ಕಿವಿಗೆ ಹಿಡಿದೆ. ಸೆಕೆಂಡಿಗೆ ಐದು ಸಲ ಬಡಿಯುವ ಅದೇ ಸದ್ದು. ಆ ರಾತ್ರಿ ದೀಪ ಆರಿಸಿದ ಮೇಲೂ ಕೈ ಹೊದಿಕೆಯ ಹೊರಗಿಟ್ಟುಕೊಂಡು ನೋಡುತ್ತ ಮಲಗಿದ್ದೆ. ಮುಳ್ಳುಗಳು ಮಾರಮ್ಮನ ಹಬ್ಬದ ಸೀರಿಯಲ್ ಸೆಟ್ಟಿನಂತೆ ಹಸಿರಾಗಿ ಉರಿಯುತ್ತಿದ್ದವು. ಮೊದಲ ಅನುಮಾನ ಬಂದದ್ದು ಆಗಲೇ. ಅಪ್ಪನ ವಾಚು ಹೊಸದರಲ್ಲಿ ಬೆಳಗಿನ ಜಾವದವರೆಗೂ ಹೊಳೆಯುತ್ತಿತ್ತಂತೆ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಆ ಬಣ್ಣ ಮಂಕಾಗಿ, ಹೊತ್ತು ನೋಡಲು ಲಾಟೀನಿನ ಹತ್ತಿರ ಹಿಡಿಯಬೇಕಾಗಿತ್ತು. ಕೆಲವೇ ವರ್ಷಕ್ಕೆ ಸೋತ ಬಣ್ಣ ನಲವತ್ತೈದು ವರ್ಷದ ಮೇಲೆ ಹೀಗೆ ಉರಿಯುವುದು ಹೇಗೆ?

ಮರುದಿನ ಮಂಡ್ಯದ ಪೇಟೆ ಬೀದಿಯಲ್ಲಿ ವಾಚು ರಿಪೇರಿ ಮಾಡುವ ಸಾಹೇಬರ ಬಳಿಗೆ ಹೋದೆ. ಅವರದು ಅಂಗಡಿ ಎನ್ನುವಂತಿಲ್ಲ, ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಮೇಲೊಂದು ಬಲ್ಬು. ವಾಚನ್ನು ಕೈಗೆ ತೆಗೆದುಕೊಂಡವರು ಮೊದಲು ಮುಖವನ್ನು ನೋಡಲೇ ಇಲ್ಲ. ಬೆಲ್ಟು ಸಿಕ್ಕಿಸುವ ಕೊಂಬುಗಳ ಮೇಲೆ ಹೆಬ್ಬೆರಳು ಆಡಿಸಿ, ‘ಪಾಲಿಶ್ ಹೊಡೆದು ಹೊಡೆದು ಸೋಪು ಮಾಡಿಬಿಟ್ಟಿದ್ದಾರೆ ಮೇಷ್ಟ್ರೇ’ ಎಂದರು. ನಿಜ, ಚೂಪಾಗಿರಬೇಕಾದ ಅಂಚುಗಳೆಲ್ಲ ಬಚ್ಚಲಲ್ಲಿ ಸವೆದ ಸೋಪಿನ ಚೂರಿನಂತೆ ಜಾರುತ್ತಿದ್ದವು. ಆಮೇಲೆ ಕಣ್ಣಿಗೆ ಗಾಜು ಕಚ್ಚಿಸಿಕೊಂಡು ನೋಡಿ, ನನಗೂ ಒಂದು ಕೊಟ್ಟರು.

ಬರಿಗಣ್ಣಿಗೆ ಅಷ್ಟು ಅಚ್ಚುಕಟ್ಟಾಗಿದ್ದ ಮುಖ ಗಾಜಿನ ಕೆಳಗೆ ಬೇರೆಯೇ ಆಗಿತ್ತು. ಕಂಪನಿಯ ಹೆಸರಿನ ಅಕ್ಷರಗಳು ಮಳೆಯಲ್ಲಿ ನೆನೆದ ಕಡ್ಡಿಗಳ ಹಾಗೆ ಉಬ್ಬಿದ್ದವು. ಅಡಿಯ ಸಣ್ಣ ಬರಹ ಓದಲಾಗದಂತೆ ಹರಡಿಕೊಂಡಿತ್ತು. ನಿಮಿಷದ ಗೆರೆಗಳ ನಡುವಿನ ಅಂತರ ಒಂದು ಕಡೆ ಹಿಗ್ಗಿ ಒಂದು ಕಡೆ ಕುಗ್ಗಿತ್ತು. ನಾಲ್ಕರ ಪಕ್ಕದ ಹೊಳೆಯುವ ಚುಕ್ಕೆ ತನ್ನ ಸಾಲು ಬಿಟ್ಟು ಕೂದಲೆಳೆಯಷ್ಟು ಒಳಗೆ ಸರಿದಿತ್ತು. ನನ್ನ ಯಾವ ವಿದ್ಯಾರ್ಥಿ ಇಂಥ ಸ್ಕೇಲು ಬರೆದಿದ್ದರೂ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ಸೆಕೆಂಡ್ ಮುಳ್ಳು ಬೇರೆ ಯಾವುದೋ ಮಾಡೆಲಿನದು, ಮೋಟಾಗಿ ಗೆರೆಗಳನ್ನು ಮುಟ್ಟದೆ ಸುತ್ತುತ್ತಿತ್ತು.

‘ಎಂದೂ ತೆರೆದಿಲ್ಲವಂತೆ’ ಎಂದೆ. ಸಾಹೇಬರು ನಕ್ಕರು. ಕೀ ಕೊಡುವ ವಾಚನ್ನು ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಬಿಡಬೇಕು. ಇಲ್ಲದಿದ್ದರೆ ಎಣ್ಣೆ ಒಣಗಿ ಅಂಟಾಗಿ, ಹಲ್ಲುಗಳೂ ಅಚ್ಚುಗಳೂ ಸವೆಯುತ್ತವೆ. ‘ನಲವತ್ತೈದು ವರ್ಷ ತೆರೆದಿಲ್ಲ ಎಂದರೆ ಅದು ಹೊಗಳಿಕೆಯಲ್ಲ ಮೇಷ್ಟ್ರೇ, ಬೈಗುಳ. ಎಮ್ಮೆ ಮಾರುವವನು ಇದಕ್ಕೆ ಎಂದೂ ನೀರೇ ಕುಡಿಸಿಲ್ಲ ಎಂದಹಾಗೆ.’ ಹೇಳುತ್ತಲೇ ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದು, ಅದರ ಒಳಮೈಯನ್ನು ಬಲ್ಬಿನ ಬೆಳಕಿಗೆ ಹಿಡಿದರು.

ಅಲ್ಲಿ ಬರಹವಿತ್ತು. ಸೂಜಿಮೊನೆಯಿಂದ ಗೀರಿದ, ಎಳ್ಳುಕಾಳಿನಷ್ಟು ಸಣ್ಣ ಬರಹ. ಒಂದು ಕಡೆ 12-3-84, ಅದರ ಕೆಳಗೆ 7-89, ಇನ್ನೊಂದು ಕಡೆ ತಾರೀಖಿಲ್ಲದೆ ಒಂದೇ ಅಕ್ಷರ. ಕನ್ನಡವೋ ತೆಲುಗೋ, ನಮ್ಮ ಎರಡು ಲಿಪಿಗಳ ನೆಂಟಸ್ತಿಕೆಯಲ್ಲಿ ಹೇಳುವುದು ಕಷ್ಟ. ರಿಪೇರಿ ಮಾಡಿದವರು ಹೀಗೆ ಗುರುತು ಹಾಕುವುದು ರೂಢಿಯಂತೆ. ವಾಚು ಮತ್ತೆ ಬಂದರೆ ತಾನು ಎಂದು ಬಿಚ್ಚಿದ್ದೆ ಎಂದು ತಿಳಿಯಲು. ಅಂದರೆ ‘ಎಂದೂ ತೆರೆದಿಲ್ಲ’ ಎಂಬ ವಾಚಿನ ಹೊಟ್ಟೆಯಲ್ಲೇ ಅದನ್ನು ತೆರೆದವರ ಹಾಜರಿ ಪುಸ್ತಕವಿತ್ತು. ಇಡೀ ವಾಚಿನಲ್ಲಿ ನನಗೆ ತುಂಬ ಇಷ್ಟವಾದದ್ದು ಆ ಮುಚ್ಚಳವೇ. ಮಾರಾಟಗಾರ ಅದರ ಚಿತ್ರ ಹಾಕಿ, ‘ಮೂರು ಜನ ಕೈಯಾಡಿಸಿದ್ದಾರೆ, ಡಯಲಿಗೆ ಹೊಸ ಬಣ್ಣ ಹಾಕಿಸಿದ್ದೇವೆ’ ಎಂದು ಬರೆದಿದ್ದರೆ ನಾನು ಬಹುಶಃ ಅಷ್ಟೇ ಹಣ ಕೊಟ್ಟು ತೆಗೆದುಕೊಳ್ಳುತ್ತಿದ್ದೆ.

ಯಂತ್ರವೇನೋ ಹದಿನೇಳು ಹರಳುಗಳ ಎಚ್‌ಎಂಟಿಯದೇ. ಸಾಹೇಬರ ತೀರ್ಪು ಹೀಗಿತ್ತು: ‘ಮೆಷಿನ್ ಅಸಲಿ, ಮುಖ ನಕಲಿ, ಮುಳ್ಳು ಎರವಲು. ವಾಚಿಗೆ ಸಾವಿರ ಕೊಟ್ಟಿದ್ದೀರಿ, ಮಿಕ್ಕದ್ದು ಜಾಹೀರಾತು ಬರೆದವನಿಗೆ.’ ಬಣ್ಣ ಹಾಕಿಸುವುದನ್ನು ಅವರು ತಪ್ಪೆನ್ನಲಿಲ್ಲ. ತಂದೆಯ ವಾಚಿನ ಮುಖ ಕಲೆಗಟ್ಟಿದೆ, ಹೊಸದರ ಹಾಗೆ ಮಾಡಿಕೊಡಿ ಎಂದು ಬರುವವರಿಗೆ ತಾವೂ ಡಯಲನ್ನು ಮುಂಬೈಗೆ ಕಳುಹಿಸಿ ಬಣ್ಣ ಹಾಕಿಸಿಕೊಟ್ಟಿರುವುದಾಗಿ ಹೇಳಿದರು. ನನ್ನ ತಕರಾರೂ ಬಣ್ಣದ ಮೇಲಲ್ಲ. ಮೈಸೂರಿನ ದೊಡ್ಡ ಗಡಿಯಾರ 1927ರದು, ಅದರ ಮುಖದಲ್ಲಿರುವುದು ಕನ್ನಡದ ಅಂಕಿಗಳು. ಅದಕ್ಕೆ ಸುಣ್ಣಬಣ್ಣ ಆಗುತ್ತದೆ, ಆಗಲೂ ಬೇಕು. ಆದರೆ ಆ ಅಂಕಿಗಳನ್ನು ಅಳಿಸಿ ಬೇರೆ ಅಂಕಿ ಬರೆದು, ನಾಲ್ವಡಿಯವರ ಕಾಲದಿಂದ ಇದು ಹೀಗೆಯೇ ಇದೆ ಎಂದು ಪ್ರವಾಸಿಗರಿಗೆ ಹೇಳಿದರೆ ಮೈಸೂರಿನವರು ಸುಮ್ಮನಿರುತ್ತಾರೆಯೇ?

ಮಾರಾಟಗಾರನಿಗೆ ಬರೆದೆ. ‘ವಿಂಟೇಜ್ ವಸ್ತುಗಳಿಗೆ ವಾಪಸಾತಿ ಇಲ್ಲ’ ಎಂಬ ಉತ್ತರ ಎರಡು ನಿಮಿಷದಲ್ಲಿ ಬಂತು. ಬರೆದು ಇಟ್ಟುಕೊಂಡಿರುವ ಉತ್ತರ ಎಂದು ಯಾರಿಗಾದರೂ ತಿಳಿಯುತ್ತದೆ. ಮತ್ತೆ ಕೇಳಿದರೆ, ಪೊಟ್ಟಣ ಬಿಚ್ಚುವಾಗಿನ ವಿಡಿಯೊ ಎಲ್ಲಿ ಎಂದ. ಅರವತ್ತನಾಲ್ಕರ ವಯಸ್ಸಿನಲ್ಲಿ ಒಂದು ಕೈಯಲ್ಲಿ ಕತ್ತರಿ, ಒಂದು ಕೈಯಲ್ಲಿ ಮೊಬೈಲು ಹಿಡಿದು ಪೊಟ್ಟಣ ಬಿಚ್ಚಬೇಕಿತ್ತಂತೆ. ಅಷ್ಟಕ್ಕೂ ಡಯಲಿಗೆ ಬಣ್ಣ ಬಳಿದದ್ದು ದಾರಿಯಲ್ಲಿ ಕೊರಿಯರ್ ಹುಡುಗನೇ? ಜಾಲತಾಣದವರನ್ನು ಕೇಳಿದೆ. ನಾವು ಬರೀ ಸಂತೆ ಕೂಡಿಸುವವರು, ಸರಕು ನಮ್ಮದಲ್ಲ ಎಂಬ ಧಾಟಿಯಲ್ಲಿ ಜಾರಿಕೊಂಡರು.

ಇಲ್ಲಿ ಓದುಗರಿಗೆ ಉಪಯೋಗವಾಗುವ ಮಾತೊಂದಿದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ವಸ್ತುವನ್ನು ವಾಪಸು ಪಡೆಯುವುದಿಲ್ಲ ಎನ್ನಲು ಮಾರಾಟಗಾರನಿಗೆ ಅಧಿಕಾರವಿಲ್ಲ. ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮನೆಯಲ್ಲಿದ್ದ ಒಂದು ಹಳೆಯ ವಾಚನ್ನು ಯಾರೋ ಖಾಸಗಿಯಾಗಿ ಮಾರಿದರೆ ಅವರಿಗೆ ಇದು ಅನ್ವಯಿಸದು, ಇದನ್ನೇ ಕಸುಬು ಮಾಡಿಕೊಂಡವರಿಗೆ ಅನ್ವಯಿಸುತ್ತದೆ. ನನಗೆ ಮಾರಿದವನ ಪುಟದಲ್ಲಿ ಇನ್ನೂರಕ್ಕೂ ಹೆಚ್ಚು ವಾಚುಗಳಿದ್ದವು. ಯಾರ ಅಪ್ಪನಿಗೂ ಅಷ್ಟು ವಾಚು ಇರುವುದಿಲ್ಲ. ಮಾರಿದವನು ಯಾವ ಊರಿನವನೇ ಆಗಲಿ, ನಾವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ನಾನು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಸಾಹೇಬರು ತೆಗೆಸಿಕೊಟ್ಟ ಮುಚ್ಚಳದ ಒಳಮೈ ಚಿತ್ರ, ಜಾಹೀರಾತಿನ ಚಿತ್ರ ಎರಡನ್ನೂ ಒಪ್ಪಿಸಿದೆ. ಹತ್ತೊಂಬತ್ತನೆಯ ದಿನ ಹಣ ಮರಳಿತು.

ಜಾಲತಾಣದವರಿಗೆ ನಾನು ಕೇಳುವುದು ಇಷ್ಟೆ. ಮೊಬೈಲು ಮಾರಲು ಬಂದವನಿಗೆ ನೀವು ಇಪ್ಪತ್ತು ಪ್ರಶ್ನೆ ಕೇಳುತ್ತೀರಿ, ಪರದೆ ಎಷ್ಟು ಅಂಗುಲ, ಬ್ಯಾಟರಿ ಎಷ್ಟು ಎಂದು. ಹಳೆಯ ವಾಚು ಮಾರುವವನಿಗೆ ಎರಡೇ ಪ್ರಶ್ನೆ ಕೇಳಿ: ಡಯಲಿಗೆ ಮರುಬಣ್ಣ ಆಗಿದೆಯೇ, ಮುಚ್ಚಳ ತೆಗೆದ ಚಿತ್ರ ಎಲ್ಲಿ? ಉತ್ತರ ಕೊಡದವನ ಸರಕಿಗೆ ‘ಒರಿಜಿನಲ್’ ಎಂಬ ಪದ ಬಳಸಲು ಬಿಡಬೇಡಿ. ಇನ್ನು ನಕ್ಷತ್ರಗಳ ವಿಚಾರ. ಆ 4.7 ಕೊಟ್ಟವರು ಬರೆದದ್ದನ್ನು ಕೂತು ಓದಿದೆ. ‘ಚೆನ್ನಾಗಿ ನಡೆಯುತ್ತಿದೆ’, ‘ಪ್ಯಾಕಿಂಗ್ ಸೊಗಸಾಗಿದೆ’, ‘ಬೇಗ ಬಂತು’. ಒಬ್ಬರಾದರೂ ಮುಚ್ಚಳ ತೆಗೆಸಿ ನೋಡಿದ ಲಕ್ಷಣವಿಲ್ಲ. ನಾನೂ ಮೊದಲ ದಿನವೇ ನಕ್ಷತ್ರ ಕೊಟ್ಟಿದ್ದರೆ ಐದೇ ಕೊಡುತ್ತಿದ್ದೆ.

ಅಸಲಿ ಮುಖ ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕೆನ್ನುವವರು ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಎಚ್‌ಎಂಟಿ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬರಲಿ. ನಾನು ಹೋದದ್ದು ಕೊಂಡ ಮೇಲೆ, ಅದೂ ನನ್ನದೇ ಜಾಣತನ.

ವಾಚು ವಾಪಸು ಕಳುಹಿಸುವ ಮುನ್ನ ಆ ಮುಚ್ಚಳದ ಬರಹವನ್ನು ಒಂದು ಹಾಳೆಯಲ್ಲಿ ನಕಲು ಮಾಡಿಟ್ಟುಕೊಂಡೆ. ಯಾಕೆ ಎಂದು ನನ್ನ ಹೆಂಡತಿ ಕೇಳಿದಳು, ಉತ್ತರ ಹೊಳೆಯಲಿಲ್ಲ.

ಈ ಪತ್ರ ಬರೆಯಲು ಕೂತದ್ದು ನಿಮ್ಮ ಲೇಖನ ಓದಿದ್ದಕ್ಕೆ ಮಾತ್ರವಲ್ಲ. ಮೊನ್ನೆ ಬುಧವಾರ ಅದೇ ಜಾಲತಾಣದಲ್ಲಿ ಅದೇ ಪೈಲಟ್ ಮತ್ತೆ ಮಾರಾಟಕ್ಕೆ ಬಂದಿದೆ. ಪುಟದ ಹೆಸರು ಬೇರೆ, ಬೆಲೆ 5,200. ‘ಎಂದೂ ತೆರೆದಿಲ್ಲ’ ಎಂಬ ಸಾಲು ಹಾಗೆಯೇ ಇದೆ. ಜಾಲತಾಣಕ್ಕೆ ತಿಳಿಸಿದ್ದೇನೆ, ಇದನ್ನು ಬರೆಯುವವರೆಗೆ ತೆಗೆದಿಲ್ಲ. ಈ ಪತ್ರ ಅಚ್ಚಾಗುವ ಹೊತ್ತಿಗೆ ನಮ್ಮ ಮಂಡ್ಯ, ಮೈಸೂರು ಕಡೆಯವರೇ ಯಾರಾದರೂ ಕೊಂಡುಬಿಟ್ಟಿದ್ದರೆ, ಚಿತ್ರವನ್ನು ದೊಡ್ಡದು ಮಾಡಿ ನಾಲ್ಕರ ಪಕ್ಕದ ಚುಕ್ಕೆ ನೋಡಿ.

ಇತಿ,
ನಿವೃತ್ತ ಗಣಿತ ಶಿಕ್ಷಕ
ಸುಭಾಷ್ ನಗರ, ಮಂಡ್ಯ