ನಿಮ್ಮ ಕ್ಯಾನಿಗೆ ಇನ್ನು ಎಣ್ಣೆ ಹಾಕಿಕೊಡಲು ಆಗುವುದಿಲ್ಲ

ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ

ನಮ್ಮ ಗಾಣದ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಬಿಡಿ ಎಣ್ಣೆ ಮಾರುವುದನ್ನು ಇವತ್ತಿನಿಂದ ನಿಲ್ಲಿಸಿದ್ದೇವೆ. ಮನೆಯಿಂದ ತಂದ ಕ್ಯಾನು, ಸ್ಟೀಲ್ ಡಬ್ಬಿ, ನೀರಿನ ಬಾಟಲಿ, ಯಾವುದಕ್ಕೂ ಇನ್ನು ಎಣ್ಣೆ ಹಾಕಿಕೊಡುವುದಿಲ್ಲ. ಶೇಂಗಾ ಎಣ್ಣೆ ಅರ್ಧ ಲೀಟರ್, 1 ಲೀಟರ್, 5 ಲೀಟರ್ ಸೀಲ್ ಮಾಡಿದ ಪ್ಯಾಕಿನಲ್ಲಿ ಮಾತ್ರ ಸಿಗುತ್ತದೆ.

ನಿಮಗೆ ಬೇಸರ ಆಗುತ್ತದೆ ಎಂದು ಗೊತ್ತು. ಗಾಣದಿಂದ ಇಳಿದ ಎಣ್ಣೆಯನ್ನು ಕಣ್ಣೆದುರೇ ಅಳೆಸಿಕೊಂಡು ಹೋಗುವ ನಂಬಿಕೆಯೇ ಬೇರೆ, ಅಲ್ವಾ? ಅದಕ್ಕೇ ಕಾರಣವನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಕಳೆದ ತಿಂಗಳು ಆಹಾರ ಸುರಕ್ಷತಾ ಅಧಿಕಾರಿ ಬಂದಿದ್ದರು. ಎಣ್ಣೆಯ ಸ್ಯಾಂಪಲ್ ತೆಗೆದು, ನಾಲ್ಕು ಭಾಗ ಮಾಡಿ, ನಮ್ಮೆದುರೇ ಸೀಲ್ ಹಾಕಿದರು. ವರದಿಯಲ್ಲಿ ಎಣ್ಣೆ ಚೆನ್ನಾಗಿದೆ ಎಂದು ಬಂತು. ಆದರೆ ಮಾರುವ ರೀತಿಯಲ್ಲಿ ಮೂರು ತಪ್ಪು ಸಿಕ್ಕವು: ಬಿಡಿ ಮಾರಾಟ, ಹಳೆ ಟಿನ್ನುಗಳಿಗೆ ಮತ್ತೆ ಎಣ್ಣೆ ತುಂಬುವುದು, ಲೇಬಲ್ ಮೇಲಿನ ಮಾತುಗಳು. ನೋಟಿಸ್ ಕೊಟ್ಟರು. ಅಡುಗೆ ಎಣ್ಣೆಯನ್ನು ಸೀಲ್ ಮಾಡಿಯೇ ಮಾರಬೇಕು ಎಂಬುದು 2011ರ ನಿಯಮಗಳಲ್ಲೇ ಇದೆ. ಇಷ್ಟು ವರ್ಷ ಪಾಲಿಸದೇ ಇದ್ದದ್ದು ನಮ್ಮ ತಪ್ಪು.

ಈ ನಿಯಮದ ಹಿಂದೆ ದೊಡ್ಡ ನೋವಿದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಬೀಜದ ಎಣ್ಣೆ ಬೆರೆತು, ಮೈ ಬಾತು 60ಕ್ಕೂ ಜಾಸ್ತಿ ಜನ ಸತ್ತರು. ಅರ್ಜಿಮೋನ್ ಅಂದರೆ ನಮ್ಮ ಹೊಲದ ಬದುವಿನಲ್ಲೂ ರಸ್ತೆ ಪಕ್ಕದಲ್ಲೂ ಬೆಳೆಯುವ, ಹಳದಿ ಹೂವಿನ ಆ ಮುಳ್ಳುಗಿಡ. ಅದೇ ವರ್ಷ ಕೇಂದ್ರ ಸರ್ಕಾರ ಎಣ್ಣೆಯನ್ನು ಪ್ಯಾಕ್ ಮಾಡಿ ಮಾರಬೇಕೆಂದು ಆದೇಶ ತಂದಿತು.

ನಮ್ಮ ಶೇಂಗಾದಲ್ಲಿ ಆ ಗಿಡದ ಬೀಜ ಬೆರೆಯುವುದಿಲ್ಲ. ನಮಗಿರುವ ಭಯ ಬೂಷ್ಟಿನದು. ಕಾಯಿ ಸರಿಯಾಗಿ ಒಣಗದೆ ಚೀಲಕ್ಕೆ ಹೋದರೆ ಬೂಷ್ಟು ಹಿಡಿಯುತ್ತದೆ. ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ಲಿವರಿಗೆ ಕೆಟ್ಟದ್ದು. ಕಾಳು ಅರೆದಾಗ ಅದರ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿಯನ್ನು ಹಸು ತಿಂದರೆ ಹಾಲಿಗೂ ಬರುತ್ತದೆ. ಸ್ವಲ್ಪ ಎಣ್ಣೆಗೂ ಇಳಿಯುತ್ತದೆ. ರಿಫೈನ್ ಮಾಡಿದರೆ ಅದು ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಆ ಹಂತವೇ ಇಲ್ಲ. ಹಾಗಾಗಿ ನಾವು ಕಾಳು ಆರಿಸುವಾಗಲೇ ಗೆಲ್ಲಬೇಕು. ಮುದುಡಿದ, ಬಣ್ಣಗೆಟ್ಟ ಕಾಳನ್ನು ನಮ್ಮ ಹೆಣ್ಣುಮಕ್ಕಳು ಕೈಯಲ್ಲೇ ಹೆಕ್ಕಿ ತೆಗೆಯುತ್ತಾರೆ. ಇನ್ನು ಮುಂದೆ ಪ್ರತಿ ಬ್ಯಾಚಿನ ಸ್ಯಾಂಪಲ್ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೂ ಹೋಗುತ್ತದೆ.

ಹೋದ ಮಳೆಗಾಲದಲ್ಲಿ ಒಬ್ಬರು ಬಂದು, ಎಣ್ಣೆ ಕಮಟು ವಾಸನೆ ಬರುತ್ತಿದೆ ಎಂದರು. ನಾವು ಮೂಸಿ ನೋಡಿದೆವು, ನಿಜವೇ. ಆದರೆ ಅದು ಯಾವ ದಿನದ ಎಣ್ಣೆ? ಕಾಳು ಕೆಟ್ಟಿತ್ತೋ, ಅವರ ಕ್ಯಾನಿನಲ್ಲಿ ಹಳೆ ಎಣ್ಣೆ ಉಳಿದಿತ್ತೋ? ಹೇಳಲು ಆಗಲಿಲ್ಲ. ದುಡ್ಡು ವಾಪಸ್ ಕೊಟ್ಟು ಕಳಿಸಿದೆವು. ಅದೇ ದಿನದ ಎಣ್ಣೆ ಇನ್ನೂ ಯಾರ ಮನೆಗೆ ಹೋಗಿತ್ತೋ ಎಂಬ ಚಿಂತೆ ಮಾತ್ರ ಇವತ್ತಿಗೂ ಹೋಗಿಲ್ಲ. ಈಗ ಪ್ರತಿ ಪ್ಯಾಕಿನ ಮೇಲೆ ಬ್ಯಾಚ್ ನಂಬರ್ ಇರುತ್ತದೆ. ಬಿಲ್ಲಿನಲ್ಲೂ ಅದನ್ನೇ ಬರೆಯುತ್ತೇವೆ. ಏನಾದರೂ ಸರಿಯಿಲ್ಲ ಎಂದರೆ ಆ ಬ್ಯಾಚನ್ನು ಹುಡುಕಿ ನಾವೇ ವಾಪಸ್ ತರಿಸಬಹುದು. ನಮಗೆ ಈ ಬದಲಾವಣೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ಹಳೆ ಲೇಬಲ್ ಮೇಲೆ ‘ಹೃದಯಕ್ಕೆ ಹಿತ’, ‘ಕೊಲೆಸ್ಟ್ರಾಲ್ ಇಲ್ಲ’ ಎಂದು ದೊಡ್ಡದಾಗಿ ಬರೆಸಿದ್ದೆವು. ಎರಡನ್ನೂ ತೆಗೆದಿದ್ದೇವೆ. ಹೃದಯದ ಮಾತನ್ನು ಎಣ್ಣೆಯ ಲೇಬಲ್ ಮೇಲೆ ಹಾಕುವಂತಿಲ್ಲ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಗಳಿಂದ ಬರುವ ಆಹಾರದಲ್ಲಿ. ಗಿಡದ ಎಣ್ಣೆ ಯಾವುದೇ ಇರಲಿ, ಅದರಲ್ಲಿ ಇಲ್ಲವೆಂದೇ ಲೆಕ್ಕ. ಎಲ್ಲ ಎಣ್ಣೆಗೂ ಇರುವ ಗುಣವನ್ನು ನಮ್ಮದೊಂದೇ ಎನ್ನುವಂತೆ ಹೇಳಿದ್ದು ಸರಿಯಲ್ಲ. ಹೊಸ ಲೇಬಲ್‌ನಲ್ಲಿ 100 ಗ್ರಾಮಿಗೆ 900 ಕಿಲೋ ಕ್ಯಾಲೊರಿ ಎಂದು ಓದಿ ಗಾಬರಿಯಾಗಬೇಡಿ. ಯಾವ ಎಣ್ಣೆಗಾದರೂ ಅಷ್ಟೇ. ಹಸಿರು ಚುಕ್ಕೆ, ತಯಾರಿಸಿದ ದಿನ, ಎಕ್ಸ್‌ಪೈರಿ ತಾರೀಖು, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಎಲ್ಲವೂ ಇವೆ. ಆ ನಂಬರನ್ನು ಅದೇ ಪ್ರಾಧಿಕಾರದ ಫಾಸ್ಕಾಸ್ (FoSCoS) ವೆಬ್‌ಸೈಟಿನಲ್ಲಿ ಹಾಕಿ ನೀವೇ ಪರೀಕ್ಷಿಸಬಹುದು.

ಇನ್ನು ದುಡ್ಡಿನ ಮಾತು. ಬಾಟಲಿ, ಮುಚ್ಚಳ, ಲೇಬಲ್, ಲ್ಯಾಬ್ ಖರ್ಚು ಸೇರಿ ಲೀಟರಿಗೆ 14 ರೂಪಾಯಿ ಜಾಸ್ತಿ ಆಗುತ್ತದೆ. 5 ಲೀಟರ್ ಕ್ಯಾನು ತೆಗೆದುಕೊಂಡರೆ ಲೀಟರಿಗೆ 8 ರೂಪಾಯಿ ಮಾತ್ರ. ಮೊದಲು ನಾವು ಕೆಜಿ ಲೆಕ್ಕದಲ್ಲಿ ಕೊಡುತ್ತಿದ್ದೆವು, ಈಗ ಲೀಟರ್. 1 ಲೀಟರ್ ಎಣ್ಣೆ ತೂಕದಲ್ಲಿ ಸುಮಾರು 910 ಗ್ರಾಂ. ಹಳೆ ದರದ ಜೊತೆ ಹೋಲಿಸುವಾಗ ಇದನ್ನು ಮರೆಯಬೇಡಿ. ಎರಡೂ ಅಳತೆ ಲೇಬಲ್ ಮೇಲೆ ಇರುತ್ತವೆ.

ದಾವಣಗೆರೆಯ ಮಿರ್ಚಿ ಅಂಗಡಿ, ಹೋಟೆಲಿನವರಿಗೆ ಒಂದು ಮಾತು. 15 ಕೆಜಿ ಟಿನ್ನು ಖಾಲಿ ಮಾಡಿ ನಮಗೇ ವಾಪಸ್ ಕೊಟ್ಟು ತುಂಬಿಸಿಕೊಳ್ಳುತ್ತಿದ್ದಿರಿ. ಒಮ್ಮೆ ಬಳಸಿದ ಟಿನ್ನಿಗೆ ಮತ್ತೆ ಅಡುಗೆ ಎಣ್ಣೆ ತುಂಬುವಂತಿಲ್ಲ. ಇನ್ನು ಪ್ರತಿ ಸಲ ಹೊಸ ಟಿನ್ನೇ ಬರುತ್ತದೆ, ಅದರ ಬೆಲೆ ಬಿಲ್ಲಿನಲ್ಲಿ ಬೇರೆಯಾಗಿ ಕಾಣುತ್ತದೆ. ನಿಮ್ಮ ಹಳೆ ಟಿನ್ನುಗಳ ಡೆಪಾಸಿಟ್ ನಮ್ಮ ಹತ್ತಿರ ಇದೆ. ಮುಂದಿನ ಆರ್ಡರಿನಲ್ಲಿ ಕಳೆದುಕೊಡುತ್ತೇವೆ.

ಬಾಟಲಿಯ ತಳದಲ್ಲಿ ಸ್ವಲ್ಪ ಗಸಿ ಕಂಡರೆ ಹೆದರಬೇಡಿ. ತಿಳಿಯಾಗಲು ಬಿಟ್ಟು ತುಂಬಿದರೂ ಗಾಣದ ಎಣ್ಣೆಯಲ್ಲಿ ಅದು ಒಂದಿಷ್ಟು ಇರುತ್ತದೆ. ಮೊದಲಿನ ಹಾಗೆ ಅಂಗೈ ಮೇಲೆ ಒಂದು ಹನಿ ಹಾಕಿಸಿಕೊಂಡು ಮೂಸಿ, ರುಚಿ ನೋಡಿಯೇ ಕೊಳ್ಳಿ. ಅದಕ್ಕೆಂದೇ ಕೌಂಟರಿನಲ್ಲಿ ಒಂದು ಬಾಟಲಿ ತೆರೆದಿಟ್ಟಿರುತ್ತೇವೆ. ಗಾಣ ತಿರುಗುವುದನ್ನು ನೋಡಲು ಬೆಳಿಗ್ಗೆ ಹೊತ್ತು ಬನ್ನಿ.

ಇಂತಿ ನಿಮ್ಮ,
ಗಾಣದ ಸಹಕಾರ ಸಂಘದ ಸದಸ್ಯರೆಲ್ಲರ ಪರವಾಗಿ,
ಕಾರ್ಯದರ್ಶಿ