ರಿಕವರಿ ವಿಭಾಗಕ್ಕೆ ಹೆಸರು ಕೊಟ್ಟ ಸೊಸೆಗೆ

ಚಿ. ಅನಘಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕಾಲೇಜಿನ ರಾಕೆಟ್ ತಂಡದಲ್ಲಿ ರಿಕವರಿಗೆ, ಅಂದರೆ ಹಾರಿದ ರಾಕೆಟ್ಟನ್ನು ಸುರಕ್ಷಿತವಾಗಿ ಇಳಿಸುವ ವಿಭಾಗಕ್ಕೆ, ಹೆಸರು ಕೊಟ್ಟಿದ್ದೀಯೆಂದು ನಿನ್ನ ಅಮ್ಮ ಹೇಳಿದಳು. ಎಲ್ಲರೂ ಮೋಟರಿನ ಹಿಂದೆ ಬೀಳುವಾಗ ನೀನು ಇದನ್ನು ಆರಿಸಿದ್ದು ಸಂತೋಷ. ಮಣಿಪಾಲದ ಥ್ರಸ್ಟ್‌ಎಂಐಟಿಯಂಥ ತಂಡಗಳು ಹೋಗುವ, ಅಮೆರಿಕದ ವಿದ್ಯಾರ್ಥಿ ರಾಕೆಟ್ ಸ್ಪರ್ಧೆ ಐರೆಕ್ (2025ರಿಂದ ಅದು ನ್ಯೂ ಮೆಕ್ಸಿಕೊ ಬಿಟ್ಟು ಟೆಕ್ಸಾಸಿನ ಮಿಡ್‌ಲ್ಯಾಂಡಿನಲ್ಲಿ ನಡೆಯುತ್ತಿದೆ) ನಿಮ್ಮ ಗುರಿಯೂ ಇರಬಹುದೆಂದು, 10,000 ಅಡಿ (ಸುಮಾರು 3 ಕಿ.ಮೀ.) ಎತ್ತರಕ್ಕೆ ಹಾರಿಸುವ ವರ್ಗವನ್ನೇ ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ.

ವಿನ್ಯಾಸದ ಮೊದಲ ಸಭೆಯಲ್ಲೇ ನಿನ್ನ ಜಾಗ ಕೇಳಿ ಪಡೆ. ಬೇರೆಯವರೆಲ್ಲ ಹಂಚಿಕೊಂಡು ಉಳಿದ ಕೊಳವೆಯಲ್ಲಿ ಪ್ಯಾರಾಶೂಟನ್ನು ಒತ್ತಿ ತುರುಕಿದರೆ ಅದು ಹೊರಗೆ ಬರುವುದಿಲ್ಲ. ಮಡಿಸಿದ ಪೊಟ್ಟಣ ಕೊಳವೆಯೊಳಗೆ ತನ್ನಷ್ಟಕ್ಕೇ ಜಾರುವಂತಿರಬೇಕು.

ರಾಕೆಟ್ಟಿನ ಇಳಿತೂಕ (ಇಂಧನ ಉರಿದ ಮೇಲಿನ ತೂಕ) 20 ಕೆಜಿ ಎಂದಿಟ್ಟುಕೊ. ಸೆಕೆಂಡಿಗೆ 7 ಮೀಟರಿನಂತೆ ನೆಲ ಮುಟ್ಟಲು, ಡ್ರ್ಯಾಗ್ ಗುಣಾಂಕ (ಗಾಳಿಯನ್ನು ತಡೆಯುವ ಅಳತೆ) 1.5 ಇರುವ ಮೇನ್ ಎಂಬ ದೊಡ್ಡ ಪ್ಯಾರಾಶೂಟ್ ಸುಮಾರು 2.5 ಮೀಟರ್ ವ್ಯಾಸದ್ದಾಗಬೇಕು. ಸೆಕೆಂಡಿಗೆ 30 ಮೀಟರ್ ವೇಗಕ್ಕೆ ಡ್ರೋಗ್ ಎಂಬ ಚಿಕ್ಕ ಪ್ಯಾರಾಶೂಟ್ 60 ಸೆಂಟಿಮೀಟರ್ ಸಾಕು. ಎರಡು ಯಾಕೆ? 3 ಕಿ.ಮೀ. ಎತ್ತರದಲ್ಲೇ ಮೇನ್ ಬಿಚ್ಚಿಕೊಂಡರೆ ಏಳು ನಿಮಿಷ ಗಾಳಿಯಲ್ಲಿರುತ್ತದೆ; ಸೆಕೆಂಡಿಗೆ 8 ಮೀಟರ್ ಗಾಳಿಯಿದ್ದರೆ ಮೂರು ಕಿ.ಮೀ.ಗೂ ಹೆಚ್ಚು ದೂರ ತೇಲಿಹೋಗುತ್ತದೆ. ಹಾರಾಟದ ತುತ್ತತುದಿಯಲ್ಲಿ ಡ್ರೋಗ್, 1,500 ಅಡಿಯ ಒಳಗೆ ಮೇನ್ ಎಂದು ಇಳಿಸಿದರೆ ಆ ದೂರ ಸುಮಾರು ಒಂದೂಕಾಲು ಕಿ.ಮೀ.ಗೆ ಬರುತ್ತದೆ.

ಇನ್ನು ಕೊಳವೆಯನ್ನು ಬೇರ್ಪಡಿಸಿ ಪ್ಯಾರಾಶೂಟನ್ನು ಹೊರದೂಡುವ ಮದ್ದಿನ ವಿಷಯ. ಇಲ್ಲಿ ಅವಸರ ಬೇಡ. ಒಳಗಿನ ಒತ್ತಡವನ್ನು ಒಂದು ಬಾರ್ ಏರಿಸಲು ಖಾಲಿ ಜಾಗದ ಲೀಟರಿಗೆ ಅರ್ಧ ಗ್ರಾಂಗಿಂತ ತುಸು ಕಮ್ಮಿ ಬ್ಲ್ಯಾಕ್ ಪೌಡರ್ ಬೇಕು. 15 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ ಕೊಠಡಿ ಸುಮಾರು 8 ಲೀಟರ್, ಲೆಕ್ಕ 3.7 ಗ್ರಾಂಗೆ ಬರುತ್ತದೆ. ಆ ಒತ್ತಡ ಮುಚ್ಚಳವನ್ನು 180 ಕೆಜಿ ಬಲದಿಂದ ದೂಡುತ್ತದೆ. ಕೊಳವೆಯ ಭಾಗಗಳನ್ನು ಹಿಡಿದಿಡುವ ನೈಲಾನ್ ಶಿಯರ್ ಪಿನ್ನುಗಳೆಲ್ಲ ಸೇರಿ ಅದರ ಅರ್ಧಕ್ಕೇ ಮುರಿಯುವಂತಿರಲಿ. ಆದರೆ ಡ್ರೋಗ್ ಬಿಚ್ಚಿದಾಗಿನ ಜಗ್ಗಿಗೆ ಮೇನ್ ಕಡೆಯ ಪಿನ್ನು ಮುರಿದುಬಿಟ್ಟರೆ ಮೇನ್ ಮೇಲೆಯೇ ತೆರೆದುಕೊಳ್ಳುತ್ತದೆ, ಆದ್ದರಿಂದ ಸಡಿಲವೂ ಇರಬಾರದು. ಪಿನ್ನಿನ ಬಲವನ್ನು ಅಂಗಡಿಯವನ ಮಾತಿನ ಮೇಲೆ ನಂಬಬೇಡ, ಒಂದಷ್ಟನ್ನು ತೂಕ ನೇತುಹಾಕಿ ಮುರಿದು ನೋಡು.

ಲೆಕ್ಕ ಬರೀ ಆರಂಭ. ಪ್ಯಾರಾಶೂಟ್, ಹಗ್ಗ, ಬೆಂಕಿ ತಾಳುವ ನೋಮೆಕ್ಸ್ ಬಟ್ಟೆ, ಪಿನ್ನು ಎಲ್ಲ ಹಾರಾಟದ ದಿನದಂತೆಯೇ ತುಂಬಿ ನೆಲದ ಮೇಲೆ ಸಿಡಿಸಿ ನೋಡಬೇಕು. ಕೊಳವೆ ಬೇರ್ಪಟ್ಟರೆ ಸಾಲದು, ಪೊಟ್ಟಣವೂ ಪೂರ್ತಿ ಹೊರಬಿದ್ದಿರಬೇಕು. ಹಗ್ಗ ಪೂರ್ತಿ ಬಿಗಿಯಾಗಿ ಜೋರಾಗಿ ಜಗ್ಗಿದರೆ ಮದ್ದು ಹೆಚ್ಚಾಯಿತೆಂದು ಅರ್ಥ. ಮೊದಲನೆಯದು ಕೈಕೊಟ್ಟರೆಂದು ಇಡುವ ಎರಡನೆಯ ಮದ್ದು ಅದಕ್ಕಿಂತ ಕಾಲುಭಾಗ ಹೆಚ್ಚಿರಲಿ, ಒಂದೆರಡು ಸೆಕೆಂಡ್ ತಡವಾಗಿ ಹೊತ್ತಲಿ. ಎರಡೂ ಒಟ್ಟಿಗೆ ಹೊತ್ತಿದರೆ ಕೊಳವೆಯೇ ಸೀಳೀತು. ಮದ್ದನ್ನು ವಿಮಾನದಲ್ಲಿ ಒಯ್ಯಲಾಗದು, ಸ್ಪರ್ಧೆಯ ಊರಿನಲ್ಲಿ ಸಿಗುವುದರ ಕಣದ ಗಾತ್ರ ಬೇರೆಯಿದ್ದೀತು, ಹಾಗಾಗಿ ಅಲ್ಲಿಯೂ ಒಮ್ಮೆ ಪರೀಕ್ಷಿಸು. ಇಲ್ಲಿ ಪರವಾನಗಿಯಿಲ್ಲದೆ, ಹೊಣೆ ಹೊತ್ತ ಮೇಷ್ಟ್ರಿಲ್ಲದೆ ಮುಟ್ಟಲೇಬೇಡ.

ಗಾಳಿಯ ಒತ್ತಡದಿಂದ ಎತ್ತರ ಅಳೆದು ಮದ್ದು ಹೊತ್ತಿಸುವ ಎರಡು ಆಲ್ಟಿಮೀಟರುಗಳಿಗೆ ಬ್ಯಾಟರಿ, ಸ್ವಿಚ್, ಈ-ಮ್ಯಾಚ್ (ವಿದ್ಯುತ್ತಿನಿಂದ ಹೊತ್ತುವ ಕಿಡಿಕಡ್ಡಿ) ಎಲ್ಲವೂ ಬೇರೆ ಬೇರೆ. ಒಂದಾದರೂ ಅಂಗಡಿಯಿಂದ ಕೊಂಡ, ಹಾರಿ ಪಳಗಿದ ಸಾಧನವಾಗಿರಲಿ. ನಿಮ್ಮ ಹುಡುಗರು ಬರೆದ ಕೋಡಿನ ಮೇಲೆ ಅಭಿಮಾನ ಇರಲಿ, ಆದರೆ ರಾಕೆಟ್ಟನ್ನು ಅದೊಂದಕ್ಕೇ ಒಪ್ಪಿಸಬೇಡ. ಒತ್ತಡ ಅಳೆಯುವ ಕೊಠಡಿಗೆ ಗಾಳಿಯಾಡಲು ಸುತ್ತಲೂ ಸಮದೂರದಲ್ಲಿ ಮೂರು ನಾಲ್ಕು ತೂತು ಬೇಕು. ತೂತು ಒಂದೇ ಇದ್ದರೆ ಅಡ್ಡಗಾಳಿಗೆ ಅಳತೆ ತಪ್ಪುತ್ತದೆ. ಸಿಡಿದ ಹೊಗೆ ತಂತಿಯ ಸಂದಿಯಿಂದ ಅಲ್ಲಿಗೆ ನುಗ್ಗಿದರೂ ಅಷ್ಟೇ, ಆಲ್ಟಿಮೀಟರ್ ಎತ್ತರ ಇಳಿಯಿತೆಂದು ತಿಳಿದು ಮೇನನ್ನೂ ಬಿಡಿಸಿಬಿಡುತ್ತದೆ. ಆ ಸಂದಿಗಳನ್ನೆಲ್ಲ ಮೆತ್ತಿ ಮುಚ್ಚು. 9 ವೋಲ್ಟ್ ಬ್ಯಾಟರಿಯ ಸ್ನ್ಯಾಪನ್ನು ಒತ್ತಿ ಕೂರಿಸಿದರೆ ಸಾಲದು, ಝಿಪ್ ಟೈ ಹಾಕು.

ಶಾಕ್ ಕಾರ್ಡ್, ಅಂದರೆ ರಾಕೆಟ್ಟಿನ ಭಾಗಗಳನ್ನು ಪ್ಯಾರಾಶೂಟಿಗೆ ಜೋಡಿಸುವ ಹಗ್ಗ, ರಾಕೆಟ್ಟಿನ ಉದ್ದದ ಮೂರರಿಂದ ಐದು ಪಟ್ಟು ಇರಲಿ, ಬೆಂಕಿ ತಾಗುವ ಕಡೆ ಕೆವ್ಲಾರ್. ಗಂಟು ಹಾಕಿದರೆ ಬಲ ಅರ್ಧಕ್ಕಿಳಿಯಬಹುದು, ತುದಿಗಳನ್ನು ಹೊಲಿಸು. ತಂತಿ ಬಗ್ಗಿಸಿ ಮಾಡಿದ ಕೊಕ್ಕೆ ಜಗ್ಗಿಗೆ ಬಾಯಿ ಬಿಡುತ್ತದೆ, ಕಾಯಿಸಿ ಬಡಿದು (ಫೋರ್ಜ್) ಮಾಡಿದ, ಬಳೆತಲೆಯ ಐ-ಬೋಲ್ಟೇ ಬೇಕು.

ಪ್ಯಾರಾಶೂಟ್ ಮಡಿಸುವ ಕೆಲಸವನ್ನು ನೀನೊಬ್ಬಳೇ ಮಾಡು, ಇನ್ನೊಬ್ಬರು ಪಟ್ಟಿ ಓದಿ ಗುರುತು ಹಾಕಲಿ. ಮಧ್ಯೆ ಯಾರಾದರೂ ಮಾತಿಗೆಳೆದರೆ ಆ ಹಂತವನ್ನು ಬಿಚ್ಚಿ ಮತ್ತೆ ಮಾಡು. ಸಂದೇಹ ಉಳಿದರೆ ಹಾರಿಸಬೇಡಿ ಎನ್ನುವ ಹಕ್ಕು ನಿನಗಿರಲೆಂದು ಈಗಲೇ ನಾಯಕರಿಂದ ಒಪ್ಪಿಗೆ ಪಡೆದುಕೊ. ಆ ದಿನ ಸಾಲಿನಲ್ಲಿ ನಿಂತಾಗ ಕೇಳಿದರೆ ಸಿಗುವುದಿಲ್ಲ.

ಇಳಿದ ರಾಕೆಟ್ಟಿನತ್ತ ಓಡಬೇಡ. ಒಂದು ಮದ್ದು ಹೊತ್ತದೆ ಉಳಿದಿರಬಹುದು. ಪಕ್ಕದಿಂದ ಹೋಗು, ಕೊಳವೆಯ ಬಾಯಿಗೆ ಎದುರು ನಿಲ್ಲಬೇಡ, ಮೊದಲು ಸ್ವಿಚ್ ಆಫ್ ಮಾಡು, ಆಮೇಲೆ ಫೋಟೊ.

ಮುಂದಿನ ನೆಲಪರೀಕ್ಷೆಯ ವಿಡಿಯೊ ಕಳಿಸು. ಮದ್ದಿನ ತೂಕ, ಪಿನ್ನಿನ ಲೆಕ್ಕ ಜೊತೆಗೆ ಬರೆ.

ಇಂತಿ,
ನಿನ್ನ ಮಾವ