ಅಪ್ಪನಿಗೆ ಮಾತು ಮರಳಿತು, ಎಲ್ಲರಿಗೂ ವಂದನೆ

ಕಳೆದ ಭಾನುವಾರ ಚರ್ಚಿನ ಆರಾಧನೆಯಲ್ಲಿ ಅಪ್ಪ ಎಲ್ಲರ ಜೊತೆ ಕರ್ತನ ಪ್ರಾರ್ಥನೆ ಹೇಳಿದರು. ಎರಡು ಕಡೆ ತಡವರಿಸಿದರು, ಆದರೆ ಆಮೆನ್ ತನಕ ಬಿಡಲಿಲ್ಲ. ಪಾರ್ಶ್ವವಾಯು ಆಗಿ ಹನ್ನೊಂದು ತಿಂಗಳಾಗಿತ್ತು. ನಮಗಾಗಿ ಮೊಣಕಾಲೂರಿದ ಒಬ್ಬೊಬ್ಬರಿಗೂ ಹೇಳಬೇಕಾದ ಮಾತು ಎದೆಯಲ್ಲಿ ತುಂಬಿಕೊಂಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಪೆಟ್ಟು ಬಿದ್ದದ್ದು ಮಿದುಳಿನ ಎಡಭಾಗಕ್ಕೆ. ಬಲಗೈ ಮೆಲ್ಲಗೆ ಸರಿಯಾಯಿತು, ಮಾತು ಮಾತ್ರ ಬರಲಿಲ್ಲ. ನೀರು ಬೇಕಾದರೆ ಚೊಂಬು ತೋರಿಸುತ್ತಿದ್ದರು. ನನ್ನ ಹೆಸರು ಹೇಳಲು ಹೋಗಿ, ಆಗದೆ, ಗೋಡೆ ಕಡೆ ತಿರುಗಿ ಮಲಗಿದ ದಿನ ನನಗೆ ಮರೆಯುವುದಿಲ್ಲ.

ಸ್ಪೀಚ್ ಥೆರಪಿಯವರು ಒಂದು ಮಾತು ಹೇಳಿದರು: ಹೊಸದಾಗಿ ಒಂದು ವಾಕ್ಯ ಆಡಲು ಆಗದವರಿಗೂ ಎಷ್ಟೋ ಸಲ ಹಾಡು ಬರುತ್ತದೆ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಒಳಗೆ ಉಳಿದಿರುತ್ತದೆ. ಅದನ್ನು ಹಿಡಿದುಕೊಂಡವಳು ನನ್ನ ಹನ್ನೆರಡು ವರ್ಷದ ಮಗಳು.

ನಮ್ಮ ಮುತ್ತಜ್ಜ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಸ್ವಿಟ್ಜರ್ಲೆಂಡ್‌ನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿದ್ದು. ಕೈಯ ಕೆಂಪುಮಣ್ಣು ತೊಳೆದು ಮನೆಮಂದಿಯನ್ನು ಪ್ರಾರ್ಥನೆಗೆ ಕೂರಿಸುತ್ತಿದ್ದರಂತೆ. ಅಂದಿನಿಂದ ನಮ್ಮಲ್ಲಿ ಏಳೂವರೆಗೆ ಕುಟುಂಬ ಪ್ರಾರ್ಥನೆ. ಮನೆಮಾತು ತುಳು, ಪ್ರಾರ್ಥನೆ ಕನ್ನಡದಲ್ಲಿ. ಒಂದು ಕೀರ್ತನೆ, ಬೈಬಲ್‌ನ ಒಂದು ಅಧ್ಯಾಯ, ಸರದಿ ಪ್ರಕಾರ ಓದು, ಆಮೇಲೆ ಊಟ. ಕರೆಂಟ್ ಹೋದರೂ, ಜ್ವರ ಬಂದರೂ ತಪ್ಪಿಸಿದ್ದಿಲ್ಲ. ಅಪ್ಪ ನನಗೆ ವಿಶ್ವಾಸದ ಬಗ್ಗೆ ಒಂದು ದಿನವೂ ಉಪದೇಶ ಮಾಡಿದ ನೆನಪಿಲ್ಲ. ಏಳೂವರೆಗೆ ಚಾಪೆ ಹಾಸುತ್ತಿದ್ದರು, ಅಷ್ಟೇ.

ಇಂಗ್ಲಿಷ್ ಮೀಡಿಯಂನ ನನ್ನ ಮಗಳು ಕನ್ನಡ ಓದಲು ಕಲಿತದ್ದೂ ಆ ಚಾಪೆಯ ಮೇಲೇ, ಅಜ್ಜನ ಬೆರಳಿನ ಹಿಂದೆ ಹಿಂದೆ. ನಾಲ್ಕು ವರ್ಷದವಳಿದ್ದಾಗ ಬೈಬಲ್‌ನ 23ನೇ ಕೀರ್ತನೆ ಹೇಳಿಕೊಡುತ್ತಾ ಪ್ರತಿ ಸಾಲಿನ ಕೊನೇ ಪದ ಬಿಟ್ಟು ಅವಳ ಮುಖ ನೋಡುತ್ತಿದ್ದರು. ಅರ್ಥವಾಗದ್ದನ್ನು ಮಗುವಿಗೆ ಯಾಕೆ ಬಾಯಿಪಾಠ ಮಾಡಿಸುತ್ತೀರಿ ಎಂದು ಆಗ ನಾನು ಜಗಳ ಮಾಡಿದ್ದೆ. ಅಪ್ಪ, ಆ ಮಾತು ವಾಪಸ್ ತೆಗೆದುಕೊಂಡಿದ್ದೇನೆ.

ಈ ಸಲ ಪದ ಬಿಟ್ಟವಳು ಅವಳು. ದಿನಾ ಶಾಲೆಯಿಂದ ಬಂದು ಮಂಚದ ಪಕ್ಕ ಕೂರುತ್ತಿದ್ದಳು. ‘ಯೆಹೋವನು ನನಗೆ...’ ಎಂದು ನಿಲ್ಲಿಸಿ ಕಾಯುತ್ತಿದ್ದಳು. ಉತ್ತರ ಇಲ್ಲ. ಮತ್ತೆ ಮೊದಲಿನಿಂದ. ಐದು ವಾರ ಹೀಗೇ. ಒಂದು ಸಂಜೆ ನಾನು ಅಡುಗೆಮನೆಯಲ್ಲಿ ಬಂಗುಡೆ ಹುರಿಯುತ್ತಿದ್ದೆ. ಒಳಗಿನಿಂದ ಒರಟು ದನಿ ಕೇಳಿಸಿತು: ‘ಕುರುಬನು.’ ಒಲೆ ಆರಿಸಿ ಓಡಿದೆ. ಅಜ್ಜ ಮೊಮ್ಮಗಳು ಇಬ್ಬರೂ ಅಳುತ್ತಿದ್ದರು, ಅವಳು ಅಳುತ್ತಲೇ ಮುಂದಿನ ಸಾಲು ಶುರು ಮಾಡಿದ್ದಳು.

ಪ್ರತಿ ಬುಧವಾರ ಮನೆಗೆ ಬಂದು ಕೀರ್ತನೆ ಹಾಡಿದ ನಮ್ಮ ಸಭೆಯ ಪಾದ್ರಿ ಅಯ್ಯನವರಿಗೆ ಮತ್ತು ಸ್ತ್ರೀ ಅನ್ಯೋನ್ಯ ಕೂಟದ ತಾಯಂದಿರಿಗೆ ವಂದನೆ. ಅಪ್ಪನಿಗೆ ಪದ ಸಿಗದೆ ಹೋದಾಗ ನೀವು ರಾಗ ನಿಲ್ಲಿಸಲಿಲ್ಲ. ಆಸ್ಪತ್ರೆಯಲ್ಲಿ ಆರು ರಾತ್ರಿ ಕೂತ ಚರ್ಚಿನ ಯುವಕರ ಕೂಟದ ಹುಡುಗರಿಗೆ, ಥೆರಪಿಯವರಿಗೆ ವಂದನೆ. ಗಂಜಿ, ಹುರುಳಿ ಚಟ್ನಿ ತಂದುಕೊಟ್ಟು, ತನ್ನ ದೇವರಿಗೂ ನಮಗಾಗಿ ಹೂವಿಟ್ಟ ಪಕ್ಕದ ಮನೆಯ ಅಕ್ಕನಿಗೆ ಏನು ಹೇಳಲಿ? ನಿಮ್ಮ ಋಣ ದೊಡ್ಡದು ಅಕ್ಕ. ಇಷ್ಟು ಜನರನ್ನು ಕಳಿಸಿಕೊಟ್ಟ ಕರ್ತನಿಗೆ ಸ್ತೋತ್ರ.

ಮಾತು ಇನ್ನೂ ಪೂರ್ತಿ ಬಂದಿಲ್ಲ. ಸಂಜೆ ಹೊತ್ತು ಸುಸ್ತಾದರೆ ಪದಗಳು ಅದಲು ಬದಲಾಗುತ್ತವೆ. ಆದರೂ ಈ ವಾರದಿಂದ ಓದಿನ ಸರದಿಗೆ ತನ್ನನ್ನೂ ಸೇರಿಸಿ ಎಂದು ಕೈಸನ್ನೆಯಲ್ಲಿ ಹಟ ಹಿಡಿದಿದ್ದಾರೆ. ನಾಳೆ ರೂತಳ ಗ್ರಂಥದ 2ನೇ ಅಧ್ಯಾಯ. ಮೊದಲ ಮೂರು ವಚನ ಅಪ್ಪನದು. ಮಗಳು ಈಗಲೇ ಅಲ್ಲಿಗೆ ರಿಬ್ಬನ್ ಇಟ್ಟಿದ್ದಾಳೆ.